ಸೋನಿ 7506ಕ್ಕೆ ಕಳಚುವ ಕೇಬಲ್ ಹಾಕಿಸಿಕೊಂಡು ಕೆಲವು ವರ್ಷ ಬಳಸಿದ ಮೇಲೆ

ಸೋನಿ ಎಂಡಿಆರ್-7506 ಎಂದರೆ ಹೆಸರು ಹೊಳೆಯದಿದ್ದರೂ ನೋಡಿದರೆ ಗುರುತು ಸಿಕ್ಕೇ ಸಿಗುತ್ತದೆ. ಹೊರಮೈಯಲ್ಲಿ ನೀಲಿ ಪಟ್ಟಿ ಇರುವ ಕಪ್ಪು ಹೆಡ್‌ಫೋನ್. 1991ರಲ್ಲಿ ಮಾರುಕಟ್ಟೆಗೆ ಬಂದದ್ದು ಇವತ್ತಿಗೂ ರೇಡಿಯೊ ಸ್ಟುಡಿಯೊಗಳಲ್ಲಿ, ಶೂಟಿಂಗ್ ಜಾಗದಲ್ಲಿ ಸೌಂಡ್ ರೆಕಾರ್ಡಿಸ್ಟರ ಕುತ್ತಿಗೆಯಲ್ಲಿ ನೇತಾಡುತ್ತಿರುತ್ತದೆ. ಇದರ ಮೇಲಿನ ಸ್ವರಗಳು ಬೇಕೆಂದೇ ತುಸು ಚುರುಕು. ಹಾಡು ಕೇಳಿ ತೇಲಾಡಲು ಬೇಕಾದವರು ಬೇರೆ ನೋಡಿಕೊಳ್ಳಲಿ. ನನ್ನಂತೆ ಮನೆಯಲ್ಲಿ ಕೂತು ಕಥೆ ಓದಿದ ರೆಕಾರ್ಡಿಂಗ್ ಎಡಿಟ್ ಮಾಡುವವರಿಗೆ ಎಲ್ಲಿ 'ಸ'ಕಾರ ಸೀಟಿ ಹೊಡೆಯಿತು, ಎಲ್ಲಿ ಓದುವವರ ಬಾಯಿ ಒಣಗಿತು ಎಂಬುದು ಇದರಲ್ಲಿ ತಪ್ಪದೆ ಕೇಳುತ್ತದೆ.

ನನ್ನ ತಕರಾರೆಲ್ಲ ಆ ಸುರುಳಿ ಕೇಬಲಿನದು. ಎಡ ಇಯರ್‌ಕಪ್ಪಿನಿಂದ ಹೊರಡುವ ಅದು ಎಳೆದರೆ ಸುಮಾರು 3 ಮೀಟರ್ ಹಿಗ್ಗುತ್ತದೆ, ಕಳಚಲು ಬರುವುದಿಲ್ಲ. ಹೆಗಲಿಗೆ ಮಿಕ್ಸರ್ ಚೀಲ ಹಾಕಿಕೊಂಡು ಓಡಾಡುವವರಿಗೆ ಒಳ್ಳೆಯದೇ. ಮೇಜಿನ ಮುಂದೆ ಕೂತವರಿಗೆ ಮಾತ್ರ ಆ ಸುರುಳಿ ಕುರ್ಚಿಯ ಕೈಗೆ ಸಿಕ್ಕಿಕೊಳ್ಳುತ್ತದೆ, ಭಾರ ಎಡಗಿವಿಯನ್ನು ಕೆಳಗೆ ಜಗ್ಗುತ್ತಿರುತ್ತದೆ. ನನ್ನದರ ಮೇಲೆ ಕುರ್ಚಿಯ ಗಾಲಿಯೂ ಸಾಕಷ್ಟು ಸಲ ಹಾದು, ಹೊರಪದರ ಒಂದು ಕಡೆ ಬಾಯಿ ಬಿಟ್ಟಿತ್ತು. ಹೇಗೂ ಕೇಬಲ್ ಬದಲಿಸಲೇಬೇಕು, ಮತ್ತೆ ಖಾಯಂ ಕೇಬಲನ್ನೇ ಯಾಕೆ ಹಾಕಬೇಕು ಎಂದುಕೊಂಡು ಕಪ್ಪಿಗೇ ಕೇಬಲಿನ ಪಿನ್ ಸಿಕ್ಕಿಸುವ ಜ್ಯಾಕ್ ಕೂರಿಸಿದೆ.

ಮೊದಲ ಪ್ರಶ್ನೆ ಯಾವ ಜ್ಯಾಕ್ ಎನ್ನುವುದು. ಎಕೆಜಿ ಕೆ240 ಥರದ ಹೆಡ್‌ಫೋನ್‌ಗಳಲ್ಲಿ ಇರುವ ಮಿನಿ ಎಕ್ಸ್‌ಎಲ್‌ಆರ್ ಎಂಬ ಬಗೆಯ ಜ್ಯಾಕ್ ಗಟ್ಟಿಮುಟ್ಟು, ಕ್ಲಿಕ್ ಎಂದು ಲಾಕ್ ಆಗುತ್ತದೆ. ನಾನು ಮಾಮೂಲಿ 3.5 ಮಿಮೀ ಜ್ಯಾಕನ್ನೇ ಆರಿಸಿದೆ. ಕಾರಣ ಒಂದೇ: ಇದಕ್ಕೆ ಹೊಂದುವ ಕೇಬಲ್ ಊರಿನ ಯಾವ ಮೊಬೈಲ್ ಅಂಗಡಿಯಲ್ಲೂ ಸಿಗುತ್ತದೆ. ಕಾರಿನ ಸ್ಟೀರಿಯೊಗೆ ಹಾಕುತ್ತಿದ್ದ ಎರಡೂ ಕಡೆ ಪಿನ್ ಇರುವ ಆಕ್ಸ್ ಕೇಬಲ್ ಸಾಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೇಳಿದಾಗ ಅಂಗಡಿಯವರು ಡಬ್ಬಿಯಿಂದ ಎರಡು ಬಗೆ ತೆಗೆದು ಮುಂದಿಟ್ಟರು. "ಬೋರ್ಡಿಗೆ ಹಾಕೋದು ಬೇಡ ಸಾರ್, ನಟ್ ಬರೋದು ತಗೊಳ್ಳಿ. ಅಲ್ಲಾಡ್ದೆ ಇರ್ಬೇಕು ಅಂದ್ರೆ ಅದೇ." ಜ್ಯಾಕಿಗೆ ಕೊಟ್ಟದ್ದು ಒಂದು ಕಾಫಿಯ ದುಡ್ಡು. ಅವರ ಮಾತು ಅದಕ್ಕಿಂತ ಬೆಲೆಬಾಳುವಂಥದ್ದು. ಈ ಕೆಲಸದಲ್ಲಿ ಬೆಸುಗೆಗಿಂತ ಬಿಗಿ ಮುಖ್ಯ.

ಕೆಲಸ ಹೀಗೆ. ಎಡಗಡೆಯ ಕುಶನ್ ಎಳೆದು ತೆಗೆದರೆ ಸಣ್ಣ ಸ್ಕ್ರೂಗಳು ಕಾಣುತ್ತವೆ, ಬಿಚ್ಚಿದರೆ ಸ್ಪೀಕರ್ ಹೊರಗೆ ಬರುತ್ತದೆ. ಹಳೆ ಕೇಬಲ್ ಕತ್ತರಿಸುವ ಮುಂಚೆ ಯಾವ ಬಣ್ಣದ ವೈರ್ ಎಲ್ಲಿಗೆ ಹೋಗಿದೆ ಎಂದು ಫೋನಿನಲ್ಲಿ ಫೋಟೊ ತೆಗೆದಿಡಿ. ಪಿನ್ನಿನ ತುದಿ ಎಡಗಿವಿ, ನಡುವಿನ ಉಂಗುರ ಬಲಗಿವಿ, ಬುಡ ಎರಡಕ್ಕೂ ಸೇರಿದ ಗ್ರೌಂಡ್. ಎಡಗಡೆಯದು ಅಲ್ಲೇ ಪಕ್ಕದ ಸ್ಪೀಕರಿಗೆ. ಬಲಗಡೆಯದು ಹೆಡ್‌ಬ್ಯಾಂಡ್ ದಾಟಿ ಆಚೆ ಕಪ್ಪಿಗೆ ಹೋಗುತ್ತದೆ. ಹಳೆ ಕೇಬಲ್ ಹೊರಬರುತ್ತಿದ್ದ ತೂತನ್ನೇ ದುಂಡು ಅರದಿಂದ ನಿಧಾನವಾಗಿ ಹಿಗ್ಗಿಸಿ, ಸುಮಾರು 6 ಮಿಮೀಗೆ ಜ್ಯಾಕಿನ ಮರೆ, ಅಂದರೆ ನಟ್ ಕೂರುವ ತಿರುಪಿನ ಭಾಗ, ತೂರುತ್ತದೆ. ಪ್ಲಾಸ್ಟಿಕ್ ದಪ್ಪವಾಗಿದ್ದು ಮರೆ ಗಿಡ್ಡವಾದರೆ ನಟ್ ಹಿಡಿಯುವುದಿಲ್ಲ. ಒಳಗಿನಿಂದ ಹೆರೆದು ತೆಳು ಮಾಡಬೇಕು. ಈ ಹೆರೆಯುವ ಕೆಲಸವೇ ಬೇಸರದ್ದು. ಅರದ ಕಬ್ಬಿಣದ ಪುಡಿ ಸ್ಪೀಕರಿನ ಅಯಸ್ಕಾಂತಕ್ಕೆ ಹೋಗಿ ಅಂಟಿಕೊಂಡರೆ ಬಿಡಿಸುವುದು ಕಷ್ಟ, ಆದ್ದರಿಂದ ಸ್ಪೀಕರನ್ನು ಮೊದಲೇ ಟೇಪಿನಿಂದ ಮುಚ್ಚಿಟ್ಟಿರಬೇಕು.

ನಟ್ ಬಿಗಿದರೂ ಸಾಲದು. ಪಿನ್ ತಿರುಗಿಸಿದಾಗೆಲ್ಲ ಜ್ಯಾಕ್ ಒಳಗೊಳಗೇ ಕೂದಲೆಳೆಯಷ್ಟು ತಿರುಗುತ್ತದೆ, ತಿಂಗಳುಗಟ್ಟಲೆ ಹೀಗಾದರೆ ವೈರ್ ತಿರುಚಿಕೊಂಡು ತುಂಡಾಗುತ್ತದೆ. ಒಳಗಿನಿಂದ ಎಪಾಕ್ಸಿ ಅಂಟು ಹಾಕಲೇಬೇಕು. ಹಾಕುವಾಗ ಗ್ರೀಸ್ ಸವರಿದ ಹಳೆ ಪಿನ್ನೊಂದನ್ನು ಜ್ಯಾಕಿನಲ್ಲಿ ಇಟ್ಟಿರಿ, ಅಂಟು ಒಳಗೆ ಇಳಿಯುವುದಿಲ್ಲ. ಎಪಾಕ್ಸಿಗೆ ಇನ್ನೊಂದು ಕೆಲಸವೂ ಇದೆ. ಇದು ಮುಚ್ಚಿದ ಬೆನ್ನಿನ ಹೆಡ್‌ಫೋನ್. ಕಪ್ಪಿನಲ್ಲಿ ಬಿರುಕು ಉಳಿದರೆ ಗಾಳಿ ಸೋರಿ ಆ ಕಿವಿಯ ಬೇಸ್ ಬದಲಾಗುತ್ತದೆ, ಎಡ ಬಲ ಸಮ ಇರುವುದಿಲ್ಲ.

ಹಳೆ ಕೇಬಲನ್ನೇ ಗಿಡ್ಡ ಮಾಡಿ ಮತ್ತೆ ಬಳಸುತ್ತೇನೆ ಎನ್ನುವವರಿಗೆ ಒಂದು ಮಾತು. ಹೆಡ್‌ಫೋನ್ ಕೇಬಲಿನ ಒಳಗಿನ ಎಳೆಗಳಿಗೆ ಬಣ್ಣದ ವಾರ್ನಿಷ್ ಬಳಿದಿರುತ್ತದೆ, ಎಳೆಗಳ ನಡುವೆ ಬಲಕ್ಕೆ ನೂಲೂ ಇರುತ್ತದೆ. ಹಾಗೇ ಬೆಸುಗೆ ಇಟ್ಟರೆ ಅಂಟಿದಂತೆ ಕಾಣುತ್ತದೆ, ಕರೆಂಟ್ ಹರಿಯುವುದಿಲ್ಲ. ಬಿಸಿ ಸೀಸದ ಹನಿಯಲ್ಲಿ ಅದ್ದಿ ವಾರ್ನಿಷ್ ಸುಟ್ಟುಹೋಗಿ ತುದಿ ಬೆಳ್ಳಗಾಗುವವರೆಗೆ ಕಾಯಬೇಕು. ಸ್ಪೀಕರಿನ ತುದಿಗಳ ಮೇಲೆ ಮಾತ್ರ ಕಾಯುವ ಹಾಗಿಲ್ಲ, ಒಂದೆರಡು ಸೆಕೆಂಡಿನಲ್ಲಿ ಮುಗಿಸಬೇಕು. ಸುತ್ತಲಿನ ಪ್ಲಾಸ್ಟಿಕ್ ಮೆತ್ತಗಾದರೆ ತುದಿಯೇ ಕಿತ್ತು ಬರುತ್ತದೆ.

ಮುಚ್ಚುವ ಮುಂಚೆ ಮಲ್ಟಿಮೀಟರ್ ಹಿಡಿಯಿರಿ. ಈ ಹೆಡ್‌ಫೋನಿನ ಲೆಕ್ಕ 63 ಓಮ್. ಎರಡೂ ಕಡೆ ಅದರ ಆಸುಪಾಸು ಬಂದು ಒಂದಕ್ಕೊಂದು ಹತ್ತಿರ ಇದ್ದರೆ ಸರಿ. ಮೀಟರಿನ ವೈರುಗಳ ತುದಿ ತಾಗಿಸಿದಾಗ ಸ್ಪೀಕರ್ ಮೆಲ್ಲಗೆ ಟಕ್ ಎನ್ನುತ್ತದೆ. ಒಂದು ಕಿವಿಯ ಎರಡು ವೈರ್ ಅದಲುಬದಲಾದರೂ ಓಮ್ ಅಷ್ಟೇ ತೋರಿಸುತ್ತದೆ, ಆದ್ದರಿಂದ ಕಿವಿಯಲ್ಲೂ ನೋಡಬೇಕು. ಒಬ್ಬರೇ ಮಾತಾಡಿದ ರೆಕಾರ್ಡಿಂಗ್ ಹಾಕಿ. ದನಿ ತಲೆಯ ನಟ್ಟನಡುವೆ ನಿಂತರೆ ಗೆದ್ದಿರಿ. ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದೆ ತೆಳ್ಳಗೆ ಹರಡಿಕೊಂಡರೆ ಮತ್ತೆ ಸ್ಕ್ರೂ ಬಿಚ್ಚಿ.

ಇನ್ನು ಬಳಕೆಯ ಅನುಭವ. ದಿನದ ಕೆಲಸಕ್ಕೆ ಒಂದೂಕಾಲು ಮೀಟರಿನ ಹಗುರ ಕೇಬಲ್. ಮಂಚದ ಮೇಲೆ ಒರಗಿ ಕೇಳುವಾಗ ಉದ್ದನೆಯದು. ಕುಳ್ಳಗಿನ ಬ್ಲೂಟೂತ್ ರಿಸೀವರನ್ನು ಕಪ್ಪಿಗೇ ಸಿಕ್ಕಿಸಿ ಅಡುಗೆಮನೆಯಲ್ಲಿ ಓಡಾಡಿದ್ದೂ ಉಂಟು, ಎಡಿಟಿಂಗ್‌ಗೆ ಅದು ಬೇಡ, ದನಿ ತಡವಾಗಿ ಬರುತ್ತದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬಾಗಿಲು ಬೆಲ್ ಆದಾಗ ಹೆಡ್‌ಫೋನ್ ತೆಗೆಯದೆ ಎದ್ದು ಹೊರಟರೂ ಪಿನ್ ತಾನಾಗಿ ಕಳಚಿಕೊಳ್ಳುವುದು. ಲಾಕ್ ಆಗುವ ಜ್ಯಾಕಾಗಿದ್ದರೆ ಲ್ಯಾಪ್‌ಟಾಪ್ ಹಿಂದೆಯೇ ಬರುತ್ತಿತ್ತು. ವೇದಿಕೆಯ ಕೆಲಸದವರಿಗೆ ಇದೇ ಗುಣ ದೋಷ, ಅವರು ಮಿನಿ ಎಕ್ಸ್‌ಎಲ್‌ಆರ್ ಹಾಕಿಸಿಕೊಳ್ಳಲಿ.

ಸದ್ದು ಸುಧಾರಿಸಿತೇ ಎಂದು ಕೇಳುವವರಿಗೆ: ಇಲ್ಲ. ಸುಧಾರಿಸಲೂ ಇಲ್ಲ, ಕೆಡಲೂ ಇಲ್ಲ. ಎರಡೂ ಕಿವಿಗೆ ಒಂದೇ ಗ್ರೌಂಡ್ ತಂತಿ ಇರುವುದರಿಂದ ಎಡದ ಸದ್ದು ಬಲಕ್ಕೆ ಸೋರುತ್ತದೆ, ದುಬಾರಿ ಕೇಬಲ್ ಬೇಕು ಎಂದು ಹೇಳುವವರಿದ್ದಾರೆ. ಗ್ರೌಂಡ್ ತಂತಿಯ ರೋಧ 0.2 ಓಮ್ ಎಂದು ಹಿಡಿದರೆ 63 ಓಮಿನ ಸ್ಪೀಕರಿನಲ್ಲಿ ಸೋರಿಕೆ ಮುನ್ನೂರರಲ್ಲಿ ಒಂದು ಪಾಲು, ಅಂದರೆ ಸುಮಾರು 50 ಡೆಸಿಬೆಲ್ ಕೆಳಗೆ. ನನ್ನ ಕಿವಿಗಂತೂ ಅದು ಸಿಕ್ಕಿಲ್ಲ. ಸಾವಿರಾರು ರೂಪಾಯಿಯ ಬೆಳ್ಳಿ ಲೇಪದ ಕೇಬಲ್ ಕೊಳ್ಳುವ ದುಡ್ಡಿನಲ್ಲಿ ಹೊಸ ಕುಶನ್ ಜೋಡಿ ತನ್ನಿ, ಸದ್ದಿನ ವ್ಯತ್ಯಾಸ ಅಲ್ಲಿ ಕೇಳುತ್ತದೆ.

ಕಿರಿಕಿರಿಯೂ ಇದೆ. ಸಂಪರ್ಕ ಒಂದು ಜಾಗದಲ್ಲಿ ಹೆಚ್ಚಾಯಿತು, ಅಂದರೆ ಕೊಳೆ ಸೇರಲು ಒಂದು ಜಾಗ ಹೆಚ್ಚಾಯಿತು. ಮಳೆಗಾಲದಲ್ಲಿ ಆಗಾಗ ಕರಕರ ಸದ್ದು. ಒಮ್ಮೊಮ್ಮೆ ತಮಾಷೆಯೂ ಆಗುತ್ತದೆ: ಗ್ರೌಂಡ್ ಮಾತ್ರ ತಪ್ಪಿದರೆ ಎರಡು ಸ್ಪೀಕರುಗಳೂ ಸಾಲಾಗಿ ಸೇರಿಕೊಂಡು ಎಡ ಬಲದ ವ್ಯತ್ಯಾಸವಷ್ಟೇ ಕೇಳುತ್ತದೆ. ಹಾಡಿನಲ್ಲಿ ಗಾಯಕರು ಮಾಯ, ವಾದ್ಯಗಳೂ ಗುಂಯ್‌ಗುಡುವ ಪ್ರತಿಧ್ವನಿಯೂ ಮಾತ್ರ ಉಳಿಯುತ್ತವೆ. ಫೈಲ್ ಕೆಟ್ಟಿದೆ ಎಂದು ಗಾಬರಿಯಾಗುವ ಮುಂಚೆ ಪಿನ್ ಒತ್ತಿ ನೋಡಿ. ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿದ ಪಿನ್ನನ್ನು ನಾಲ್ಕು ಸಲ ಹಾಕಿ ತೆಗೆದರೆ ಸರಿಹೋಗುತ್ತದೆ. ಕೇಬಲ್ ಕೊಳ್ಳುವಾಗ ಪಿನ್ನಿನ ಹಿಡಿ ಸಣ್ಣದಿರುವುದನ್ನು ಆರಿಸಿ. ದಪ್ಪ ಹಿಡಿಯದು ಕಪ್ಪಿನ ಬಾಗಿಗೆ ತಾಗಿ ಅರ್ಧಕ್ಕೇ ನಿಲ್ಲುತ್ತದೆ.

ವಾರಂಟಿ ಇರುವ ಹೆಡ್‌ಫೋನಿಗೆ ಅರ ಹಚ್ಚಬೇಡಿ. ಹೊಸದನ್ನೇ ಕೊಳ್ಳುವವರಾದರೆ ಈ ಉಸಾಬರಿಯೂ ಬೇಡ. ಆಡಿಯೊ ಟೆಕ್ನಿಕಾ ಎಂ50 ಹೆಡ್‌ಫೋನ್ 2014ರಲ್ಲಿ ಎಂ50ಎಕ್ಸ್ ಆದಾಗಲೇ ಕಳಚುವ ಕೇಬಲ್ ಬಂತು. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ಹೆಡ್‌ಫೋನಿಗೂ 2024ರ ಎಕ್ಸ್ ಆವೃತ್ತಿಯಲ್ಲಿ ಮಿನಿ ಎಕ್ಸ್‌ಎಲ್‌ಆರ್ ಕೂರಿಸಿದರು. ಸೋನಿಯ ಎಂಡಿಆರ್-ಎಂ1 ಕೂಡ ಕಳಚುವ ಕೇಬಲಿನದೇ. ಈಗಾಗಲೇ 7506, ಅಥವಾ ಅದರ ಅಣ್ಣನಾದ 1985ರ ಎಂಡಿಆರ್-ವಿ6 ಮನೆಯಲ್ಲಿದ್ದು ಕೇಬಲ್ ಹೋಗಿದ್ದರೆ, ಸಾಲ್ಡರಿಂಗ್ ಬರುವ ಯಾರಾದರೂ ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಬಹುದು.

ಒಂದಂತೂ ಈ ಮಾರ್ಪಾಡಿನಿಂದ ಸರಿಹೋಗುವುದಿಲ್ಲ. ಬಲಗಿವಿಗೆ ಹೋಗುವ ವೈರ್ ಹೆಡ್‌ಬ್ಯಾಂಡಿನಿಂದ ಇಳಿದು ಕಪ್ಪಿಗೆ ಸೇರುವಲ್ಲಿ ಒಂದು ಗೇಣಿಗೂ ಕಡಿಮೆ ಬಯಲಾಗಿಯೇ ಇರುತ್ತದೆ, ಮಡಚುವಾಗ ಕೀಲಿನ ನಡುವೆ ಸಿಕ್ಕಿಕೊಳ್ಳಬಹುದು. ಬ್ಯಾಗಿಗೆ ಹಾಕುವ ಮುಂಚೆ ಅದನ್ನೊಮ್ಮೆ ಬೆರಳಿನಿಂದ ಪಕ್ಕಕ್ಕೆ ಸರಿಸಿ, ಆಮೇಲೆ ಮಡಚಿ.