ಡಿ ಆಂಜಾ ಮುಗಿದ ಮೇಲೆ ಯುಸಿಯೋ, ಕ್ಯಾಲ್ ಸ್ಟೇಟೋ?

ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೋದಲ್ಲಿ, ಡಿ ಆಂಜಾ ಎಂಬ ಎರಡು ವರ್ಷದ ಕಮ್ಯುನಿಟಿ ಕಾಲೇಜಿನಲ್ಲಿ ಓದುತ್ತಿರುವ ಮಗಳು ಪದವಿ ಮುಗಿಸಲು ಮುಂದೆ ಯುಸಿಗೆ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಹೋಗಬೇಕೋ, ಕ್ಯಾಲ್ ಸ್ಟೇಟ್‌ಗೋ (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಎಂದು ಕೇಳಿದ್ದೀರಿ.

ಸೀಟಿನ ಖಾತ್ರಿ ಎರಡೂ ಕಡೆ ಇದೆ, ಆದರೆ ಬಗೆ ಬೇರೆ. ಯುಸಿಯ ‘ಟ್ಯಾಗ್’ ಒಪ್ಪಂದ (ಕಮ್ಯುನಿಟಿ ಕಾಲೇಜಿನಿಂದ ಬರುವವರಿಗೆ, ಷರತ್ತು ಪೂರೈಸಿದರೆ ಸೀಟು ಖಾತ್ರಿ) ಇರುವುದು 6 ಕ್ಯಾಂಪಸ್‌ಗಳಲ್ಲಿ: ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಸ್. ಸೆಪ್ಟೆಂಬರ್‌ನಲ್ಲಿ ಒಂದಕ್ಕೆ ಮಾತ್ರ ಅರ್ಜಿ ಹಾಕಬಹುದು. ನಮ್ಮವರೆಲ್ಲ ಕನಸು ಕಾಣುವ ಬರ್ಕ್ಲಿ, ಯುಸಿಎಲ್‌ಎ ಇದರಲ್ಲಿಲ್ಲ. ಸಾಂಟಾ ಬಾರ್ಬರಾದ ಎಂಜಿನಿಯರಿಂಗ್ ಕೂಡ ಇಲ್ಲ. ಹಾಗಾಗಿ ವಿಷಯ ನೋಡದೆ ಟ್ಯಾಗ್ ನಂಬಬೇಡಿ.

ಕ್ಯಾಲ್ ಸ್ಟೇಟ್‌ಗೆ ‘ಎಡಿಟಿ’ (ವರ್ಗಾವಣೆಗೆಂದೇ ಕಮ್ಯುನಿಟಿ ಕಾಲೇಜು ಕೊಡುವ ಎರಡು ವರ್ಷದ ಪದವಿ) ಸಾಕು: 60 ಯೂನಿಟ್ (ಕೋರ್ಸ್‌ಗಳ ಕ್ರೆಡಿಟ್), ಕನಿಷ್ಠ 2.0 ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಗ್ರೇಡ್). ಎಲ್ಲೋ ಒಂದು ಕ್ಯಾಂಪಸ್ ಖಂಡಿತ ಸಿಗುತ್ತದೆ. ಆದರೆ ಮನೆ ಹತ್ತಿರದ ಸ್ಯಾನ್ ಹೋಸೆಯೇ ಸಿಗುತ್ತದೆ ಎಂಬ ಭರವಸೆಯಿಲ್ಲ.

ರಾಜ್ಯದ ನಿವಾಸಿಗಳಿಗೆ ಕ್ಯಾಲ್ ಸ್ಟೇಟ್ ಬೋಧನಾ ಶುಲ್ಕ ಯುಸಿಯ ಅರ್ಧಕ್ಕೂ ಕಡಿಮೆ. ಮನೆಯಿಂದಲೇ ಓಡಾಡಿದರೆ ಬಾಡಿಗೆಯೂ ಉಳಿಯಿತು.

ಓದು ಮುಗಿಸಿ ಬೇಗ ಕೆಲಸಕ್ಕೆ ಸೇರಬೇಕೆಂದರೆ ಕ್ಯಾಲ್ ಸ್ಟೇಟ್ ಅನುಕೂಲ. ಸಂಶೋಧನೆ, ಪಿಎಚ್‌ಡಿ ಮನಸ್ಸಿನಲ್ಲಿದ್ದು ಜಿಪಿಎ ಗಟ್ಟಿಯಿದ್ದರೆ ಯುಸಿ. ಎರಡಕ್ಕೂ ಅರ್ಜಿ ಹಾಕುವುದಾದರೆ ಯಾವ ಕೋರ್ಸ್ ಎಲ್ಲಿ ಲೆಕ್ಕಕ್ಕೆ ಬರುತ್ತದೆಂದು ‘ಅಸಿಸ್ಟ್’ ಜಾಲತಾಣದಲ್ಲಿ ಈಗಲೇ ನೋಡಿಕೊಳ್ಳಲಿ.