ಪಿಜಿ ರೂಮು, ಶುಗರ್ರು, ಒಂದು ಎಲೆಕ್ಟ್ರಿಕ್ ಪಾತ್ರೆ: ತಗೋಬಹುದಾ?

1.2 ಲೀಟರಿನ ಎಲೆಕ್ಟ್ರಿಕ್ ಮಲ್ಟಿ ಕೆಟಲ್ ಇದು. ಸ್ಟೀಲ್ ಪಾತ್ರೆ, ಗಾಜಿನ ಮುಚ್ಚಳ, ಮೊಟ್ಟೆ ಇಡೋಕೆ ಒಂದು ತೂತಿನ ತಟ್ಟೆ, 300 ಮತ್ತೆ 600 ವ್ಯಾಟ್‌ಗೆ ತಿರುಗಿಸೋ ಒಂದು ನಾಬ್, ಇಷ್ಟೇ. ಬೆಂಗಳೂರಲ್ಲಿ ಪಿಜಿಯಲ್ಲಿದ್ದು ಟೈಪ್ 2 ಶುಗರ್ ಇರೋ ನನ್ನಂಥವರು ಕಣ್ಣು ಮುಚ್ಚಿ ತಗೋಬಹುದು ಅಂತ ಮೊದಲೇ ಹೇಳ್ಬಿಡ್ತೀನಿ, ಆದ್ರೆ ಇದರಿಂದ ಏನಾಗುತ್ತೆ ಏನಾಗಲ್ಲ ಅನ್ನೋದು ಗೊತ್ತಿದ್ದು ತಗೊಳ್ಳಿ.

ಪಿಜಿ ಊಟ ಗೊತ್ತಿರೋದೇ ಅಲ್ವಾ, ಬೆಳಿಗ್ಗೆ ಚಿತ್ರಾನ್ನ ಇಲ್ಲ ಪುಳಿಯೋಗರೆ ಇಲ್ಲ ಇಡ್ಲಿ, ರಾತ್ರಿ ಅನ್ನ ಸಾರು, ಪಲ್ಯ ಅಂದ್ರೆ ವಾರದಲ್ಲಿ ಅರ್ಧ ದಿನ ಆಲೂಗಡ್ಡೆ. ಡಾಕ್ಟ್ರು ಹೇಳೋದು ತಟ್ಟೆಯ ಅರ್ಧ ತರಕಾರಿ, ಕಾಲು ಭಾಗ ಕಾಳು ಅಥವಾ ಮೊಟ್ಟೆ, ಇನ್ನು ಕಾಲು ಭಾಗ ಮಾತ್ರ ಅನ್ನ ಚಪಾತಿ. ಪಿಜಿಯಲ್ಲಿ ಸಿಗೋದು ಆ ಕೊನೇ ಕಾಲು ಭಾಗ ಅಷ್ಟೇ, ಮಿಕ್ಕ ಮುಕ್ಕಾಲು ನಾವೇ ಹೊಂದಿಸ್ಕೋಬೇಕು. ಈ ಪಾತ್ರೆ ಬೇಕಾಗಿರೋದೇ ಅದಕ್ಕೆ. ಪೂರ್ತಿ ಅಡುಗೆ ಮಾಡ್ಕೋತೀನಿ ಅಂತ ಹೊರಟ್ರೆ ಬೇಜಾರಾಗಿ ಬಿಟ್ಬಿಡ್ತೀರ, ತರಕಾರಿ ಮತ್ತೆ ಕಾಳು ಇದರಲ್ಲಿ, ಅನ್ನ ಪಿಜಿ ಊಟದಿಂದ ಒಂದು ಸಣ್ಣ ಬಟ್ಟಲು, ಅಷ್ಟಾದ್ರೆ ಸಾಕು.

ಕರೆಂಟ್ ವಿಷ್ಯ ಮೊದಲು, ಯಾಕಂದ್ರೆ ಓನರ್ ಕೇಳೋದೇ ಅದು. ಇಂಡಕ್ಷನ್ ಸ್ಟವ್ 1800, 2000 ವ್ಯಾಟ್ ಎಳೆಯುತ್ತೆ, ರೂಮಿನ ಸಣ್ಣ ಪ್ಲಗ್ ಪಾಯಿಂಟ್ ಅದಕ್ಕೆ ಅಲ್ಲವೇ ಅಲ್ಲ, ಅದಕ್ಕೇ ಎಲ್ಲಾ ಕಡೆ ಬೇಡ ಅಂತಾರೆ. ಇದು ಜಾಸ್ತಿ ಅಂದ್ರೆ 600 ವ್ಯಾಟ್, ಇಪ್ಪತ್ತು ನಿಮಿಷ ಓಡಿಸಿದ್ರೂ ಆಗೋದು 0.2 ಯೂನಿಟ್. ಈ ಲೆಕ್ಕ ಹೇಳಿದ ಮೇಲೆ ನಮ್ಮ ಓನರ್ ಸರಿ ಅಂದ್ರು. ನೀವೂ ಕೇಳಿ ಇಟ್ಕೊಳ್ಳಿ, ಕದ್ದು ಮುಚ್ಚಿ ಬೇಡ.

ರಾತ್ರಿ ಊಟಕ್ಕೆ ನಾನು ಮಾಡೋದು ಇದು. ಮೊಳಕೆ ಹೆಸರುಕಾಳು ಎರಡು ಹಿಡಿ, ಮುಳುಗೋಷ್ಟು ನೀರು, ಚಿಟಿಕೆ ಅರಿಶಿನ, ಹಸಿಮೆಣಸಿನಕಾಯಿ ಸೀಳಿ ಹಾಕಿ 600ಕ್ಕೆ ಇಟ್ರೆ ಹತ್ತು ನಿಮಿಷದಲ್ಲಿ ಕಾಳು ಬೆರಳಲ್ಲಿ ಒತ್ತಿದ್ರೆ ಮೆತ್ತಗಾಗಿರುತ್ತೆ, ಆಗ 300ಕ್ಕೆ ಇಳಿಸಿ ಮೆಂತ್ಯ ಸೊಪ್ಪು ಕೈಯಲ್ಲೇ ಮುರಿದು ಹಾಕಿ ಮೇಲೆ ತೂತಿನ ತಟ್ಟೆ ಇಟ್ಟು ಅದರಲ್ಲಿ ಬೀನ್ಸು, ಎಲೆಕೋಸು ಸಣ್ಣಗೆ ಹೆಚ್ಚಿ ಹರಡಿ ಮುಚ್ಚಿಡ್ತೀನಿ. ಕೆಳಗೆ ಕಾಳು ಕುದೀತಿರುತ್ತೆ, ಅದೇ ಹಬೆಯಲ್ಲಿ ಮೇಲೆ ತರಕಾರಿ ಬೆಂದಿರುತ್ತೆ. ಕೊನೇಲಿ ಉಪ್ಪು, ನಿಂಬೆಹಣ್ಣು, ಸ್ವಲ್ಪ ಕಾಯಿತುರಿ ಸಿಕ್ರೆ ಕೋಸಂಬರಿ ರುಚಿನೇ ಬರುತ್ತೆ. ಇದನ್ನ ಮೊದಲು ತಿಂದು ಅನ್ನ ಆಮೇಲೆ ತಿನ್ಬೇಕು, ತರಕಾರಿ ಕಾಳು ಮೊದಲು ಹೊಟ್ಟೆಗೆ ಹೋದ್ರೆ ಶುಗರ್ ಒಂದೇ ಸಲ ಜಿಗಿಯಲ್ಲ. ಬರೀ ಪುಳಿಯೋಗರೆ ತಿಂದ ದಿನ ಎರಡು ಗಂಟೆ ಆದ್ಮೇಲೆ ಚುಚ್ಚಿ ನೋಡಿದ್ರೆ 240ರ ಹತ್ತಿರ ಇರ್ತಿತ್ತು, ಹೀಗೆ ತಿಂದ ದಿನಗಳಲ್ಲಿ ಸಾಮಾನ್ಯವಾಗಿ 180ರ ಒಳಗೇ ಇದೆ. ನಿಮ್ಮದು ಬೇರೆ ಇರಬಹುದು, ಗ್ಲುಕೋಮೀಟರ್ ಇಟ್ಕೊಂಡು ನೋಡಿ.

ಇನ್ನು ಆಗದೇ ಇರೋದು. ಇದರಲ್ಲಿ ಪ್ರೆಷರ್ ಇಲ್ಲ, ಕುದಿಯೋ ನೀರಿನ ಶಾಖ ನೂರು ಡಿಗ್ರಿ ದಾಟಲ್ಲ, ಹಾಗಾಗಿ ಕಡಲೆಕಾಳು, ರಾಜ್ಮಾ ರಾತ್ರಿಯೆಲ್ಲ ನೆನೆಸಿದ್ರೂ ಇದರಲ್ಲಿ ಬೇಯಿಸೋಕೆ ಹೋಗ್ಬೇಡಿ. ಹೆಸರುಬೇಳೆ, ನೆನೆಸಿದ ಅಲಸಂದೆ ಆಗುತ್ತೆ. ಮುದ್ದೆ ತಿರುವೋಕಂತೂ ಆಗಲ್ಲ, ಹಿಡಿ ಅಲ್ಲಾಡುತ್ತೆ. ರಾಗಿ ಗಂಜಿ ಚೆನ್ನಾಗೇ ಆಗುತ್ತೆ, ಆದ್ರೆ ರಾಗಿ ಒಳ್ಳೇದು ಅಂತ ದೊಡ್ಡ ಲೋಟ ಕುಡೀಬೇಡಿ, ನುಣ್ಣಗಿನ ಹಿಟ್ಟು ತೆಳ್ಳಗೆ ಬೆಂದ್ರೆ ಬೇಗ ಜೀರ್ಣ ಆಗಿ ಶುಗರ್ ಏರಿಸುತ್ತೆ. ನವಣೆ ಅನ್ನಾನೂ ಅಷ್ಟೇ, ನಾರು ಜಾಸ್ತಿ ನಿಜ, ಕಾರ್ಬ್, ಅಂದ್ರೆ ಪಿಷ್ಟ, ಅಕ್ಕಿಗಿಂತ ಭಾರೀ ಕಮ್ಮಿ ಏನಿಲ್ಲ, ಬಟ್ಟಲು ಸಣ್ಣದೇ ಇರಲಿ. ಓಟ್ಸ್ ತಗೊಂಡ್ರೆ ರೋಲ್ಡ್ ಓಟ್ಸ್ ತಗೊಳ್ಳಿ, ಮಸಾಲಾ ಸ್ಯಾಶೆ ಬೇಡ.

ಫ್ರಿಜ್ ಇಲ್ದೇ ಇರೋದು ನಿಜವಾದ ಕಷ್ಟ. ಕ್ಯಾರೆಟ್, ಎಲೆಕೋಸು, ಮೂಲಂಗಿ ಒಂದೆರಡು ದಿನ ತಡಿಯುತ್ತೆ, ಸೊಪ್ಪು ಅವತ್ತಿಂದು ಅವತ್ತೇ ತರಬೇಕು, ಹತ್ತಿರ ಹಾಪ್‌ಕಾಮ್ಸ್ ತರಕಾರಿ ಅಂಗಡಿ ಇದ್ರೆ ಅನುಕೂಲ. ಮೊಸರು ನಂದಿನಿ ಸಣ್ಣ ಪ್ಯಾಕೆಟ್ ತಗೊಂಡು ಅವತ್ತೇ ಮುಗಿಸ್ತೀನಿ. ಮೊಟ್ಟೆ ತಿನ್ನೋರಿಗೆ ಚಿಂತೆ ಕಮ್ಮಿ, ಒಂದ್ರಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತೆ.

ಗ್ಲಿಮೆಪಿರೈಡ್ ಥರದ, ಮೈಯಲ್ಲಿ ಇನ್ಸುಲಿನ್ ಜಾಸ್ತಿ ಬರೋ ಹಾಗೆ ಮಾಡೋ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳೋರು ದಯವಿಟ್ಟು ಇದನ್ನ ಓದಿ. ಮದ್ದು ಹಾಗೇ ಇಟ್ಕೊಂಡು ಅನ್ನ ಮಾತ್ರ ಏಕ್ದಂ ಕಮ್ಮಿ ಮಾಡಿದ್ರೆ ಶುಗರ್ 70ಕ್ಕಿಂತ ಕೆಳಗೆ ಬಿದ್ದು ಕೈ ನಡುಕ, ಬೆವರು ಶುರುವಾಗಬಹುದು. ಡಾಕ್ಟ್ರಿಗೆ ಹೇಳಿ ಡೋಸ್ ಕೇಳ್ಕೊಂಡು ಶುರು ಮಾಡಿ, ರೂಮಲ್ಲಿ ಸಕ್ಕರೆ ಡಬ್ಬಿ ಇರಲಿ, ಹಾಗೆ ಆದ್ರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು ಕಾಲು ಗಂಟೆ ಬಿಟ್ಟು ಮತ್ತೆ ಚುಚ್ಚಿ ನೋಡಿ.

ಪಾತ್ರೆಯ ತೊಂದರೆಗಳು ಇನ್ನೂ ಮೂರಿವೆ. ತಳ ಬೇಗ ಹತ್ತುತ್ತೆ, ಬೇಳೆ ಹಾಕಿದಾಗ ಆಗಾಗ ಕೈಯಾಡಿಸ್ಬೇಕು. ತೊಳಿಯೋವಾಗ ಬುಡ ನೀರಲ್ಲಿ ಮುಳುಗಿಸೋ ಹಾಗಿಲ್ಲ, ಕಾಮನ್ ಸಿಂಕಲ್ಲಿ ಇದು ಸ್ವಲ್ಪ ಪೇಚು, ನಾನು ಬಿಸಿನೀರು ಹಾಕಿ ನೆನೆಸಿಟ್ಟು ಒಳಗಷ್ಟೇ ಉಜ್ಜಿ ಬಗ್ಗಿಸ್ತೀನಿ. ಒಗ್ಗರಣೆಗೆ 600ರಲ್ಲೂ ಸಾಸಿವೆ ಸಿಡಿಯೋಕೆ ತುಂಬಾ ಹೊತ್ತು ಬೇಕು, ನಾನು ಊರಿಂದ ಒಗ್ಗರಣೆ ಹಾಕಿದ ಚಟ್ನಿಪುಡಿ ತರಿಸ್ಕೋತೀನಿ. ಒಬ್ಬರಿಗೆ ಈ ಸೈಜ್ ಸರಿ, ರೂಮ್‌ಮೇಟ್‌ಗೂ ಸೇರಿಸಿ ಮಾಡೋದಾದ್ರೆ 1.8 ಲೀಟರ್ ನೋಡಿ.