ರೋಜರ್ ಎಬರ್ಟ್: ಸಿನಿಮಾ ನೋಡೋದಾ, ಪುಸ್ತಕ ಓದೋದಾ?

ರೋಜರ್ ಎಬರ್ಟ್ ಬಗ್ಗೆ ತಿಳಿಯಲು ಮೊದಲು ಸಿನಿಮಾ ನೋಡೋದಾ, ಪುಸ್ತಕ ಓದೋದಾ ಅಂತ ಕಲಬುರಗಿಯಲ್ಲಿ ಸಿನಿಮಾ ಬಗ್ಗೆ ಬರೆಯಲು ಶುರು ಮಾಡಿರುವ ಗೆಳೆಯರು ಕೇಳುತ್ತಾರೆ. ಶಿಕಾಗೊದ ಈ ಸಿನಿಮಾ ವಿಮರ್ಶಕ 2011ರಲ್ಲಿ ‘ಲೈಫ್ ಇಟ್‌ಸೆಲ್ಫ್’ ಅಂತ ಆತ್ಮಕಥೆ ಬರೆದರು. ಅದೇ ಹೆಸರಲ್ಲಿ ಸ್ಟೀವ್ ಜೇಮ್ಸ್ ಅವರ ಸಾಕ್ಷ್ಯಚಿತ್ರ 2014ರಲ್ಲಿ ಬಂತು.

ಮೊದಲು ಸಿನಿಮಾ ನೋಡಿ. ಕ್ಯಾನ್ಸರ್‌ನಿಂದ ದವಡೆಯನ್ನೂ ಮಾತನ್ನೂ ಕಳೆದುಕೊಂಡ ಮನುಷ್ಯ ಆಸ್ಪತ್ರೆಯಲ್ಲಿ ಕಂಪ್ಯೂಟರ್ ದನಿಯಲ್ಲೇ ತಮಾಷೆ ಮಾಡುತ್ತಾ, ಹೆಂಡತಿ ಚಾಜ್ ಆಸರೆಯಲ್ಲಿ ಬರೆಯುತ್ತಲೇ ಇರುವುದನ್ನು ಕಣ್ಣಾರೆ ಕಾಣಬೇಕು. ಚಿತ್ರೀಕರಣ ಮುಗಿಯುವ ಮೊದಲೇ, 2013ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಟಿವಿಯಲ್ಲಿ ಜೊತೆಯಾಗಿ ಸಿನಿಮಾ ವಿಮರ್ಶೆ ಮಾಡುತ್ತಿದ್ದ ಇನ್ನೊಬ್ಬ ವಿಮರ್ಶಕ ಜೀನ್ ಸಿಸ್ಕೆಲ್ ಜೊತೆಗಿನ ಜಗಳಗಳಂತೂ ಭಾರಿ ಚೆನ್ನಾಗಿವೆ, ಇಬ್ಬರಿಗೂ ಸಿನಿಮಾ ಮೇಲೆ ಅಷ್ಟು ಪ್ರೀತಿ ಅಲ್ವಾ!

ಬಾಲ್ಯ, ಕುಡಿತ ಬಿಟ್ಟಿದ್ದು, ಪತ್ರಿಕೆಯ ದಿನಗಳು ಪುಸ್ತಕದಲ್ಲಿ ಜಾಸ್ತಿ ಸಿಗುತ್ತವೆ. ಬರೆಯುವವರಿಗೆ ಅದೇ ಹೆಚ್ಚು ಉಪಯೋಗ. ಆಸ್ಪತ್ರೆ ದೃಶ್ಯಗಳನ್ನು ನೋಡಲು ಆಗದವರೂ ನೇರ ಪುಸ್ತಕಕ್ಕೇ ಹೋಗಿ.